ಘಾತಾಂಕ ಸೊನ್ನೆ, ಘಾತಾಂಕ ಋಣ: ಗೋಡೆಬರಹಕ್ಕೆ ಪದ ಬೇಕಾಗಿದೆ

ಪ್ರಶ್ನೆ, ಸೇಡಂ ತಾಲ್ಲೂಕಿನ ಗಣಿತ ಶಿಕ್ಷಕಿಯಿಂದ:

ಬಳಗದ ಹಿರಿಯರಿಗೆ ನಮಸ್ಕಾರ. ನಮ್ಮ ಪ್ರೌಢಶಾಲೆಯ ಗೋಡೆಯ ಮೇಲೆ ಘಾತಾಂಕದ ನಿಯಮಗಳನ್ನು ಬಣ್ಣದಲ್ಲಿ ಬರೆಸುತ್ತಿದ್ದೇವೆ. ಪೇಂಟರ್ ಸೋಮವಾರ ಬರುತ್ತಾರೆ, ಅಷ್ಟರೊಳಗೆ ಎರಡು ಶೀರ್ಷಿಕೆಗಳು ತೀರ್ಮಾನವಾಗಬೇಕು. ಅ⁰ = 1 ಎಂಬುದರ ಮೇಲೆ ‘ಶೂನ್ಯ ಘಾತ’ ಎಂದೂ, ಅ⁻³ = 1/ಅ³ ಎಂಬುದರ ಮೇಲೆ ‘ಋಣಾತ್ಮಕ ಘಾತ’ ಎಂದೂ ಕರಡಿನಲ್ಲಿದೆ. ಅದನ್ನು ನೋಡಿದ ವಿದ್ಯಾರ್ಥಿನಿಯೊಬ್ಬಳು, ‘ಶೂನ್ಯ ಘಾತ ಅಂದರೆ ಸೊನ್ನೆಯ ಮೇಲೆ ಘಾತ ಇರುವುದೋ, ಘಾತದ ಜಾಗದಲ್ಲಿ ಸೊನ್ನೆ ಇರುವುದೋ?’ ಎಂದು ಕೇಳಿದಳು. ಕೇಳಿದ್ದು ನ್ಯಾಯವಾಗಿಯೇ ಇದೆ, ಏಕೆಂದರೆ 0³ರ ಬೆಲೆ 0, 3⁰ರ ಬೆಲೆ 1. ಎರಡನೆಯ ಶೀರ್ಷಿಕೆಗೂ ಇದೇ ತೊಡಕು: (−2)³ ಎಂದರೆ −8, 2⁻³ ಎಂದರೆ 1/8. ಮಕ್ಕಳು 2⁻³ = −8 ಎಂದು ಬರೆಯುವುದರಲ್ಲಿ ನಮ್ಮ ಪದದ ಪಾಲೂ ಇರಬಹುದೆಂಬ ಅನುಮಾನ ನನ್ನದು. ಲೆಕ್ಕಗಳ ಮೇಲೆ ‘ಸಂಕ್ಷೇಪಿಸಿ’ ಎಂದು ಬರೆಸಲೋ ‘ಸುಲಭೀಕರಿಸಿ’ ಎಂದು ಬರೆಸಲೋ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ, ಬೀದರ್‌ನಿಂದ:

‘ಘಾತ’ ಎಂಬ ಪದವನ್ನೇ ಕೈಬಿಡಿ. ಆಘಾತ, ಅಪಘಾತ, ವಿಶ್ವಾಸಘಾತ ಎಂದು ದಿನವೂ ಕೇಳುವ ಮಗುವಿಗೆ ಗಣಿತದಲ್ಲೂ ಹೊಡೆತವೇ ಏಕೆ? ಇಮ್ಮಡಿ, ಮುಮ್ಮಡಿ ಎಂದು ಎಣಿಸುವ ‘ಮಡಿ’ ಎಂಬ ಪದ ಕನ್ನಡದಲ್ಲೇ ಇದೆ. ಧನಕ್ಕೆ ‘ಏರುಮಡಿ’, ಋಣಕ್ಕೆ ‘ಇಳಿಮಡಿ’, ಸೊನ್ನೆಗೆ ‘ಸೊನ್ನೆಮಡಿ’ ಎಂದು ಬರೆಸಿ. ಇದರಲ್ಲಿ ಚರ್ಚಿಸಲು ಏನೂ ಉಳಿದಿಲ್ಲ.

ಉತ್ತರ, ಯಾದಗಿರಿಯಿಂದ:

ಚರ್ಚಿಸಲು ಬಹಳವೇ ಉಳಿದಿದೆ. ‘ಮಡಿ’ ಎಂಬುದು ‘ಪಟ್ಟು’ ಎಂಬರ್ಥದ ಪದ. ಐದರ ಮುಮ್ಮಡಿ ಎಂದರೆ ಯಾವ ಅಂಗಡಿಯವರಾದರೂ ಹದಿನೈದೆನ್ನುತ್ತಾರೆ, ಆದರೆ 5³ರ ಬೆಲೆ 125. ಇಮ್ಮಡಿ ಪುಲಕೇಶಿಯು ಪುಲಕೇಶಿಯ ವರ್ಗವಲ್ಲ. ‘ಸೊನ್ನೆಮಡಿ’ಯಂತೂ ನೇರವಾಗಿ ತಪ್ಪು ಉತ್ತರವನ್ನೇ ಕಲಿಸುತ್ತದೆ, ಏಕೆಂದರೆ ಯಾವುದನ್ನು ಸೊನ್ನೆ ಪಟ್ಟು ಮಾಡಿದರೂ ಸೊನ್ನೆಯೇ ಬರುತ್ತದೆ, ನಮಗೆ ಬೇಕಾದದ್ದು 1.

ಇನ್ನು ಘಾತದ ಹೊಡೆತದ ವಿಷಯ. ಅದರ ಧಾತು ‘ಹೊಡೆ’ ಎಂಬರ್ಥದ ‘ಹನ್’ ಎಂಬುದೇನೋ ನಿಜ, ಆದರೆ ಹಳೆಯ ಗಣಿತಗ್ರಂಥಗಳಲ್ಲಿ ಗುಣಾಕಾರಕ್ಕೆ ಹನನ, ವಧ ಎಂಬ ಪದಗಳೇ ಬಳಕೆಯಲ್ಲಿದ್ದವು, ಘಾತವೆಂದರೆ ಗುಣಲಬ್ಧ. ಐದನೆಯ ಘಾತಕ್ಕೆ ಅವರು ‘ವರ್ಗಘನಘಾತ’ ಎಂದರು, ಆರನೆಯದಕ್ಕೆ ಬರೀ ‘ವರ್ಗಘನ’ ಎಂದರು. ಎರಡರ ನಡುವಿನ ವ್ಯತ್ಯಾಸವನ್ನು ನೋಡಿ: ‘ಘಾತ’ ಸೇರಿದಾಗ ವರ್ಗವನ್ನೂ ಘನವನ್ನೂ ಗುಣಿಸುತ್ತೇವಾದ್ದರಿಂದ 2 ಮತ್ತು 3 ಕೂಡಿ 5 ಆಗುತ್ತದೆ, ಅದು ಇಲ್ಲದಾಗ ವರ್ಗದ ಘನವಾದ್ದರಿಂದ 2 ಮತ್ತು 3 ಗುಣಿಸಿ 6 ಆಗುತ್ತದೆ. ಘಾತಾಂಕಗಳನ್ನು ಕೂಡುವ ನಿಯಮವೂ ಗುಣಿಸುವ ನಿಯಮವೂ ಈ ಎರಡು ಹೆಸರುಗಳೊಳಗೇ ಇವೆ. ಇಂಥ ಪದವನ್ನು ಕಿವಿಗೆ ಒರಟೆಂದು ಎಸೆಯಲಾಗದು.

ನಿಜವಾದ ತೊಡಕಿರುವುದು ಘಾತಕ್ಕೂ ಘಾತಾಂಕಕ್ಕೂ ಇರುವ ಗೆರೆಯನ್ನು ಅಳಿಸಿದ್ದರಲ್ಲಿ. 2³ ಎಂಬ ಇಡಿಯ ಸಂಖ್ಯೆ ಘಾತ, ತಲೆಯ ಮೇಲಿನ 3 ಘಾತಾಂಕ, ಕೆಳಗಿನ 2 ಆಧಾರ. ಸೊನ್ನೆಯಾಗುವುದೂ ಋಣವಾಗುವುದೂ ಇಲ್ಲಿ ಘಾತಾಂಕವೇ ಹೊರತು ಘಾತವಲ್ಲ. ಆದ್ದರಿಂದ ‘ಸೊನ್ನೆ ಘಾತಾಂಕ’, ‘ಋಣ ಘಾತಾಂಕ’ ಎಂದು ಬರೆಸಿ. ‘ಋಣಾತ್ಮಕ’ದಲ್ಲಿನ ‘ಆತ್ಮಕ’ ಅನಗತ್ಯ ಬಾಲ. ಬ್ರಹ್ಮಗುಪ್ತನು 628ರಲ್ಲಿಯೇ ಧನ, ಋಣ ಎಂದಷ್ಟೇ ಹೇಳಿ ನಿಯಮಗಳನ್ನು ಕೊಟ್ಟಿದ್ದಾನೆ.

ಪಕ್ಕದಲ್ಲಿ ‘ಅ ಸೊನ್ನೆಯಲ್ಲ’ ಎಂಬ ಷರತ್ತನ್ನು ಮರೆಯಬೇಡಿ. ಅ⁰ = 1 ಎಂಬುದು ಅ³ನ್ನು ಅ³ರಿಂದಲೇ ಭಾಗಿಸಿದಾಗ ಬರುವ ಫಲ, ಸೊನ್ನೆಯಿಂದ ಭಾಗಿಸುವಂತಿಲ್ಲ. ನಿಮ್ಮದೇ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದುಬಿಟ್ಟ. ಅಂಥ ಪಂಡಿತನೇ ಎಡವಿದ ಜಾಗದಲ್ಲಿ ಒಂದು ಸಾಲಿನ ಎಚ್ಚರಿಕೆ ಹೆಚ್ಚೇನಲ್ಲ.

ಉತ್ತರ, ಕಲಬುರಗಿ ನಗರದಿಂದ:

ಯಾದಗಿರಿಯ ಗುರುಗಳ ಮಾತಿಗೆ ನನ್ನದೊಂದು ಸೇರಿಕೆ. ನಮ್ಮ ತಂದೆಯವರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಗಣಿತ ಕಲಿತವರು. ಕೊನೆಯವರೆಗೂ ಅವರ ಬಾಯಲ್ಲಿ ಗುಣಾಕಾರವೆಂದರೆ ‘ಜರಬ್’, ಭಾಗಾಕಾರವೆಂದರೆ ‘ತಕ್ಸೀಮ್’. ಅರಬ್ಬಿಯಲ್ಲಿ ಜರಬ್ ಎಂದರೂ ಹೊಡೆತವೇ. ಸಂಸ್ಕೃತದವರೂ ಅರಬ್ಬರೂ ಸಂಖ್ಯೆಗಳನ್ನು ಒಂದೇ ರೀತಿಯಲ್ಲಿ ಹೊಡೆದಿರುವಾಗ ಬೀದರ್‌ನವರಿಗೆ ಮಾತ್ರ ಏಕೆ ನೋವು? 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಲು ಭಾಷಾಂತರದ ಇಲಾಖೆಯನ್ನೇ ಇಟ್ಟುಕೊಂಡಿತ್ತು; ಘಾತಾಂಕಕ್ಕೆ ಉರ್ದುವಿನಲ್ಲಿ ‘ಕುವ್ವತ್ ನುಮಾ’, ಅಂದರೆ ಬಲವನ್ನು ತೋರಿಸುವುದು, ಎಂಬ ಪದವಿದೆ.

ಋಣ ಘಾತಾಂಕಕ್ಕೆ ಇನ್ನೂ ಹಳೆಯ ದಾರಿಯೊಂದಿದೆ. ಅರಬ್ಬಿ ಬೀಜಗಣಿತದಲ್ಲಿ ಅವ್ಯಕ್ತದ ವರ್ಗಕ್ಕೆ ‘ಮಾಲ್’ ಎಂದು ಹೆಸರು, ನಾವು ಸಂತೆಯಲ್ಲಿ ಹೇಳುವ ಮಾಲೇ ಅದು. ಆ ವರ್ಗದ ವ್ಯುತ್ಕ್ರಮವನ್ನು, ಎಂದರೆ 1ನ್ನು ಅದರಿಂದ ಭಾಗಿಸಿದ್ದನ್ನು, ‘ಜುಜ್ ಮಾಲ್’, ಅಂದರೆ ಮಾಲಿನ ಭಾಗ, ಎಂದರು. ಹನ್ನೆರಡನೆಯ ಶತಮಾನದ ಅಲ್ ಸಮೌಅಲ್‌ನು 1ರ ಒಂದು ಕಡೆಗೆ ಘಾತಗಳನ್ನೂ ಇನ್ನೊಂದು ಕಡೆಗೆ ಈ ಭಾಗಗಳನ್ನೂ ಜೋಡಿಸಿ ಕೋಷ್ಟಕ ಮಾಡಿದ್ದಾನೆ. ಆ ಹೆಸರಿನಲ್ಲಿ ಋಣದ ಸುಳಿವೇ ಇಲ್ಲ, ಛೇದಕ್ಕೆ ಇಳಿಯುವುದು ಮಾತ್ರ ಇದೆ. ಹೀಗಾಗಿ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಛೇದಕ್ಕೆ ಇಳಿಸಿ’ ಎಂದು ಬರೆಸಿದರೆ −8ರ ತಪ್ಪು ಕಡಿಮೆಯಾದೀತು. ಪದ ಸಂಸ್ಕೃತದಿಂದ ಬಂದರೆ ಸಂಪತ್ತು, ಉರ್ದುವಿನಿಂದ ಬಂದರೆ ಕಲಬೆರಕೆ ಎಂಬ ಲೆಕ್ಕ ನಮ್ಮ ಭಾಗದಲ್ಲಿ ನಡೆಯುವುದಿಲ್ಲ.

ಉತ್ತರ, ಬೀದರ್‌ನಿಂದ ಮತ್ತೆ:

ನಾನು ಎರಡನ್ನೂ ಬೇಡವೆಂದವನು, ಒಂದನ್ನು ಹೊಗಳಿದವನಲ್ಲ. ಆಡಳಿತ ಹೇರಿದ ಪದ ಮನೆಮಾತಾಗಿ ಉಳಿದ ಮಾತ್ರಕ್ಕೆ ಅದು ಆಯ್ಕೆಯಾಗುವುದಿಲ್ಲ. ‘ಮಡಿ’ಯ ಮೇಲಿನ ಆಕ್ಷೇಪಕ್ಕೆ ಉತ್ತರ ಯೋಚಿಸಬೇಕು, ಅದನ್ನು ಒಪ್ಪುತ್ತೇನೆ. ಆದರೆ ‘ಸೊನ್ನೆ ಘಾತಾಂಕ’ ಅರಿಸಮಾಸ. ಮಳಖೇಡದ ಹೆಸರನ್ನು ಎತ್ತಿದವರಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಒಂದೇ ಸಮಾಸದಲ್ಲಿ ಬೆರೆಸಬಾರದೆಂದು ಎಚ್ಚರಿಸಿದ ‘ಕವಿರಾಜಮಾರ್ಗ’ವೂ ಅದೇ ಆಸ್ಥಾನದ್ದು ಎಂಬುದು ನೆನಪಿರಬೇಕಿತ್ತು.

ಉತ್ತರ, ಯಾದಗಿರಿಯಿಂದ:

ನೆನಪಿದೆ. ‘ಸೊನ್ನೆ’ ಶೂನ್ಯದ ತದ್ಭವ, ಅಚ್ಚಗನ್ನಡವಲ್ಲ. ಅದನ್ನು ಅರಿಸಮಾಸವೆನ್ನಬೇಕೇ ಎಂಬುದೇ ಚರ್ಚೆಯ ವಿಷಯ. ಹೋಗಲಿ, ಸಮಾಸವೇ ಬೇಡ. ‘ಘಾತಾಂಕ ಸೊನ್ನೆಯಾದಾಗ’, ‘ಘಾತಾಂಕ ಋಣವಾದಾಗ’ ಎಂದು ಬಿಡಿಸಿ ಬರೆಸಿದರೆ ಯಾವುದು ಸೊನ್ನೆ, ಯಾವುದು ಋಣ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸಮಾಸ ಮಾಡಲೇಬೇಕೆಂಬ ಹಟದಿಂದ ನಮ್ಮ ಪಠ್ಯದ ಅರ್ಧ ಪದಗಳು ಕೆಟ್ಟಿವೆ, ಅದು ಬೇರೆ ಮಾತು.

ಸೂಚನೆಗೆ ‘ಸಂಕ್ಷೇಪಿಸಿ’ ಎಂಬುದು ಅಷ್ಟು ಹೊಂದುವುದಿಲ್ಲ, ಏಕೆಂದರೆ ಕ⁻⁵ನ್ನು 1/ಕ⁵ ಎಂದು ಬರೆದಾಗ ಏನೂ ಚಿಕ್ಕದಾಗಿಲ್ಲ. ‘ಸುಲಭೀಕರಿಸಿ, ಉತ್ತರವನ್ನು ಧನ ಘಾತಾಂಕಗಳಲ್ಲಿ ಬರೆಯಿರಿ’ ಎಂದು ಪೂರ್ತಿಯಾಗಿ ಹೇಳಿ. ಉದಾಹರಣೆಗೆ (6ಕ⁻³ಗ⁰) ÷ (2ಕ²ಗ⁻⁴) ಎಂಬ ಬೀಜೋಕ್ತಿಯನ್ನು ಕೊಡಬಹುದು. 6ನ್ನು 2ರಿಂದ ಭಾಗಿಸಿದರೆ 3, ಕದ ಘಾತಾಂಕ −3 − 2 = −5, ಗದ ಘಾತಾಂಕ 0 − (−4) = 4; ಉತ್ತರ 3ಗ⁴/ಕ⁵. ಸಹಗುಣಕ 3 ಅಂಶದಲ್ಲೇ ನಿಂತಿದೆ, ಗಮನಿಸಿ. 3ಕ⁻² ಎಂದರೆ 3/ಕ², ಆದರೆ ಮಕ್ಕಳು 3ನ್ನೂ ಎಳೆದುಕೊಂಡು ಛೇದಕ್ಕೆ ಇಳಿಸುತ್ತಾರೆ. 5ಕ⁰ ಎಂದರೆ 5, 1 ಅಲ್ಲ. (−2)⁰ ಎಂದರೆ 1, ಕಂಸವಿಲ್ಲದ −2⁰ ಎಂದರೆ −1. ಘಾತಾಂಕ ತನಗೆ ತಾಗಿರುವ ಆಧಾರಕ್ಕೆ ಮಾತ್ರ ಸಲ್ಲುತ್ತದೆ ಎಂಬ ಒಂದು ಮಾತು ಈ ಮೂರಕ್ಕೂ ಸಾಕು, ಬೇಕಿದ್ದರೆ ಅದನ್ನೂ ಬರೆಸಿ.

ಶಿಕ್ಷಕಿಯಿಂದ:

ಎಲ್ಲರಿಗೂ ಧನ್ಯವಾದಗಳು. ‘ಘಾತಾಂಕ ಸೊನ್ನೆಯಾದಾಗ: ಅ⁰ = 1, ಅ ಸೊನ್ನೆಯಲ್ಲ’ ಎಂಬುದು ಮೊದಲ ಸಾಲು. ‘ಘಾತಾಂಕ ಋಣವಾದಾಗ, ಛೇದಕ್ಕೆ ಇಳಿಸಿ: ಅ⁻³ = 1/ಅ³, ಅ ಸೊನ್ನೆಯಲ್ಲ’ ಎಂಬುದು ಎರಡನೆಯದು. ಯಾದಗಿರಿಯ ಗುರುಗಳ ಉದಾಹರಣೆ ಮತ್ತು ಕೊನೆಯ ಮಾತು ಬಾಗಿಲ ಪಕ್ಕದ ಗೋಡೆಗೆ ಹೋಗುತ್ತವೆ. ಬೀದರ್‌ನವರಿಗೆ ‘ಮಡಿ’ಯ ಆಕ್ಷೇಪಕ್ಕೆ ಉತ್ತರ ಹೊಳೆದರೆ ಸೋಮವಾರದೊಳಗೆ ತಿಳಿಸಲಿ, ಬಣ್ಣ ಒಣಗಿದ ಮೇಲೆ ತಿದ್ದುವುದಕ್ಕೆ ನಮ್ಮಲ್ಲಿ ಅನುದಾನವಿಲ್ಲ.