7 ತಿಂಗಳಿಂದ ಗಾಲ್ಫ್ ಆಡುತ್ತಿದ್ದೇನೆ, ಹೊಸ ಡ್ರೈವರ್ (ದೂರ ಹೊಡೆಯುವ ಕ್ಲಬ್) ತೆಗೆದುಕೊಳ್ಳಲಾ?

ಹೊಸಬ_ಮೈಸೂರು:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿದ್ದಾಗ ಆಡುತ್ತಿದ್ದ ಹಳೇ ಸೆಟ್ ನನಗೆ ಕೊಟ್ಟಿದ್ದಾರೆ. 3, 5, 7, 9 ಐರನ್, ಒಂದು ಪಿಚಿಂಗ್ ವೆಜ್, ಪಟ್ಟರ್, ಚಿಕ್ಕ ತಲೆಯ ಒಂದು ಡ್ರೈವರ್. 18 ಹೋಲ್‌ಗೆ 115ರಿಂದ 120 ಹೊಡೆತ ಆಗುತ್ತದೆ. ಹತ್ತು ಡ್ರೈವ್‌ನಲ್ಲಿ ಏಳು ಬಲಕ್ಕೆ ಬಾಗಿ (ಸ್ಲೈಸ್ ಆಗಿ) ಮರಗಳೊಳಗೆ ಹೋಗುತ್ತವೆ. ಜೊತೆಗೆ ಆಡುವವರೆಲ್ಲ ಹೊಸ ಡ್ರೈವರ್ ತಗೊಳ್ಳಿ ಎನ್ನುತ್ತಾರೆ. ಅಂಗಡಿಯಲ್ಲಿ ಕೇಳಿದರೆ 50 ಸಾವಿರದ ಮೇಲೆ. ಮಗಳು ಈ ವರ್ಷ ಪಿಯುಸಿಗೆ ಸೇರುತ್ತಿದ್ದಾಳೆ, ಯೋಚನೆ ಮಾಡಬೇಕು. ಇನ್ನೊಂದು ವಿಷಯ. ಕ್ಯಾಡಿ (ಬ್ಯಾಗ್ ಹೊತ್ತು ಜೊತೆಗೆ ಬರುವವರು) ತಗೋಬೇಕಾ ಅಥವಾ ಟ್ರಾಲಿ ಎಳೆದುಕೊಂಡು ಹೋದರೆ ಸಾಕಾ? ಅದರಲ್ಲಾದರೂ ಸ್ವಲ್ಪ ದುಡ್ಡು ಉಳಿಯುತ್ತದೆ ಅಲ್ವಾ?

ಟೀ_ಆಫ್_6.30:

ಹೊಸದು ಬೇಡ ಸರ್, ನಾಲ್ಕೈದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ನೋಡಿ. ನಿಯಮದ ಪ್ರಕಾರ ಡ್ರೈವರ್ ತಲೆ 460 ಸಿಸಿ ಮೀರುವ ಹಾಗಿಲ್ಲ. ಅಂದಿನವೂ 460, ಇಂದಿನವೂ 460. 10.5 ಡಿಗ್ರಿ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ), ರೆಗ್ಯುಲರ್ ಶಾಫ್ಟ್ (ಸಾಧಾರಣ ಗಡಸಿನ ಕೋಲು) ಇದ್ದರೆ ಸಾಕು. ಕ್ಯಾಡಿ ನಿಮ್ಮಿಷ್ಟ. ನಾನು ಟ್ರಾಲಿ ಎಳೆಯುತ್ತೇನೆ.

ಹದಿನೆಂಟರ_ಹ್ಯಾಂಡಿಕ್ಯಾಪ್:

ನಾನು 2006ರಿಂದ ಆಡುತ್ತಿದ್ದೇನೆ. ಎಲೆಕ್ಟ್ರಿಕಲ್ ಅಂಗಡಿ ಇದೆ, ವಾರಕ್ಕೆ ಒಂದೇ ಆಟ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಡ್ರೈವರ್ ಬಿಡಿ, ಕ್ಯಾಡಿ ಬಿಡಬೇಡಿ.

ಮೊದಲು ಲೆಕ್ಕ ಬರೆಯಿರಿ. 2008ರಲ್ಲಿ ನಾನೂ ನಿಮ್ಮ ಹಾಗೇ ಡ್ರೈವರ್ ಕೊಳ್ಳಲು ಹೊರಟಿದ್ದೆ. ಅದಕ್ಕೆ ಮುಂಚೆ ಒಂದು ದಿನ ಚಿಕ್ಕ ನೋಟ್‌ಬುಕ್‌ನಲ್ಲಿ ಒಂದೊಂದು ಹೊಡೆತವನ್ನೂ ಬರೆದೆ. ಒಟ್ಟು 112. ಅದರಲ್ಲಿ ಪಟ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ (ಗ್ರೀನ್) ಮೇಲೆ ಚೆಂಡು ಉರುಳಿಸಿದ್ದು, 43. ಗ್ರೀನ್‌ನಿಂದ 30 ಗಜದೊಳಗೆ ಹೊಡೆದದ್ದು 24. ಪೆನಾಲ್ಟಿ 7. ಡ್ರೈವರ್ ಹೊಡೆದದ್ದು 14 ಸಲ ಅಷ್ಟೇ. ನಾಲ್ಕು ಪಾರ್-3 (ಮೂರು ಹೊಡೆತದ ಚಿಕ್ಕ ಹೋಲ್) ಇರುವ ಕೋರ್ಸ್‌ನಲ್ಲಿ ಅದಕ್ಕಿಂತ ಜಾಸ್ತಿ ಟೀ (ಹೋಲ್ ಶುರುವಾಗುವ ಜಾಗ) ಮೇಲೆ ಡ್ರೈವರ್ ಬೇಕಾಗುವುದೇ ಇಲ್ಲ. ದುಡ್ಡು ಎಲ್ಲಿ ಹಾಕಬೇಕು ಅಂತ ಆ ಕಾಗದವೇ ಹೇಳಿತು.

ನಿಮ್ಮ ಸ್ಲೈಸ್ ವಿಷಯ. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ ತೀರ್ಮಾನಿಸುತ್ತದೆ. ಕ್ಲಬ್ ಸಾಗುವ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೇ ತಿರುಗುತ್ತದೆ. ದೊಡ್ಡ ತಲೆಯ ಡ್ರೈವರ್ ತಂದರೆ ಚೆಂಡು ಮಧ್ಯಕ್ಕೆ ತಾಗದಿದ್ದಾಗ ಆಗುವ ನಷ್ಟ ಕಡಿಮೆಯಾಗುತ್ತದೆ, ನಿಜ. ತೆರೆದ ಮುಖವನ್ನು ಅದು ಮುಚ್ಚುವುದಿಲ್ಲ. ಲಾಫ್ಟ್ ಜಾಸ್ತಿಯಾದಷ್ಟೂ ಪಕ್ಕಕ್ಕೆ ತಿರುಗುವುದು ಕಡಿಮೆ. ಅದಕ್ಕೇ ನಿಮ್ಮ 7 ಐರನ್ ಅಷ್ಟು ಸ್ಲೈಸ್ ಆಗುವುದಿಲ್ಲ, ಗಮನಿಸಿ. ಸದ್ಯಕ್ಕೆ ಟೀ ಮೇಲೆ 5 ಐರನ್ ಹೊಡೆಯಿರಿ. 50 ಸಾವಿರದಲ್ಲಿ ಒಂದು ಭಾಗ ಪ್ರೊ (ಗಾಲ್ಫ್ ಕಲಿಸುವವರು) ಹತ್ತಿರ ಪಾಠಕ್ಕೆ ಹಾಕಿ.

ಚಿಕ್ಕಪ್ಪನ ಐರನ್‌ಗಳನ್ನು ಕಡೆಗಣಿಸಬೇಡಿ. ಹಳೇ 7 ಐರನ್ ಲಾಫ್ಟ್ ಸುಮಾರು 35 ಡಿಗ್ರಿ ಇರುತ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 30 ಡಿಗ್ರಿ, ಕೆಲವು ಅದಕ್ಕೂ ಕಡಿಮೆ. ಅಂದರೆ ಪಕ್ಕದವರು 7 ಅಂತ ಹೊಡೆಯುವುದು ನಿಮ್ಮ ಲೆಕ್ಕದಲ್ಲಿ 6 ಅಥವಾ 5. ಅವರ ಚೆಂಡು ಮುಂದೆ ಹೋಯಿತು ಅಂತ ಬೇಜಾರು ಬೇಡ. ಗ್ರಿಪ್ ಮಾತ್ರ ಮುಟ್ಟಿ ನೋಡಿ. ಹಳೇ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಜಾರುತ್ತದೆ, ಜಾರದಿರಲಿ ಅಂತ ಕೈ ಬಿಗಿ ಹಿಡಿಯುತ್ತೀರಿ, ಸ್ವಿಂಗ್ ಕೆಡುತ್ತದೆ. ಗ್ರಿಪ್ ಬದಲಿಸಲು ಜಾಸ್ತಿ ಖರ್ಚಿಲ್ಲ.

ಈಗ ಕ್ಯಾಡಿ ವಿಷಯ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ.

ಮೈಸೂರಿನಲ್ಲಿ ರೇಸ್‌ಕೋರ್ಸ್ ಒಳಗಿನ ಕೋರ್ಸ್ ನಿಮಗೆ ಗೊತ್ತೇ ಇದೆ. ಅಲ್ಲಿ ಒಂದು ಬೆಳಿಗ್ಗೆ ನನಗೆ ಸುಮಾರು 20 ಅಡಿ ಪಟ್ ಇತ್ತು. ನೆಲ ಪೂರ್ತಿ ಸಮ ಅನ್ನಿಸಿತು. ನನ್ನ ಜೊತೆಗಿದ್ದ ಕ್ಯಾಡಿ ಅಣ್ಣನಿಗೆ ಆಗಲೇ ಐವತ್ತು ದಾಟಿತ್ತು. ಅವರು ಚೆಂಡಿನ ಹಿಂದೆ ಕುಳಿತು ನೋಡಲಿಲ್ಲ. ನೇರ ಕಪ್ (ಚೆಂಡು ಬೀಳಬೇಕಾದ ಕುಳಿ) ಹತ್ತಿರ ಹೋಗಿ ಬಗ್ಗಿ ನನ್ನನ್ನು ಕರೆದರು. ಕಪ್ಪಿನ ಒಂದು ಬದಿಯಲ್ಲಿ ಹುಲ್ಲಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿತ್ತು. ಎದುರು ಬದಿ ಸವೆದು ಕಂದು ಬಣ್ಣಕ್ಕೆ ತಿರುಗಿತ್ತು. "ಸವೆದಿರೋ ಕಡೆಗೆ ಹುಲ್ಲು ಮಲಗ್ಯದೆ ಸಾರ್. ಚೆಂಡು ಆ ಕಡೆ ಎಳೀತದೆ. ಬೆಟ್ಟನೂ ಹಿಂದೆ ಅದೆ. ಎರಡು ಕಪ್ ಎಡಕ್ಕಿಡಿ, ಮೆಲ್ಲಗೆ." ಹಾಗೇ ಹೊಡೆದೆ. ಚೆಂಡು ಕೊನೆಯ ಮೂರಡಿಯಲ್ಲಿ ಬಲಕ್ಕೆ ತಿರುಗಿ ಕಪ್ಪಿನ ಅಂಚಿಗೆ ಬಂದು ನಿಂತಿತು. ಅವತ್ತಿನಿಂದ ಗ್ರೀನ್ ಹತ್ತಿದ ಕೂಡಲೇ ನಾನು ಕಪ್ಪಿನ ಅಂಚು ನೋಡುತ್ತೇನೆ. ಇದನ್ನು ನನಗೆ ಕಲಿಸಿದ್ದು ಅವರೇ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಷ್ಟು ಹಿಂದಿನಿಂದ ಈ ಆಟ ನಮ್ಮ ಕಡೆ ಇದೆ. ಸದಸ್ಯರು ವಾರಕ್ಕೆ ಒಂದೆರಡು ದಿನ ಬಂದು ಹೋಗುತ್ತಾರೆ. ದಿನಾ ಆ ನೆಲದ ಮೇಲೆ ನಡೆಯುವವರು ಕ್ಯಾಡಿಗಳು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಬ್ಯಾಗ್ ಹೊತ್ತವರಿಗೆ ಆಟ ಎಷ್ಟು ಗೊತ್ತಿರಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಆದರೂ ಅಪ್ಪನ ವಯಸ್ಸಿನವರನ್ನು "ಏಯ್" ಅಂತ ಕರೆಯುವವರನ್ನು ಕಂಡಿದ್ದೇನೆ. ಒಮ್ಮೆ ನನ್ನ ನಾಲ್ವರ ಗುಂಪಿನಲ್ಲಿದ್ದ ಒಬ್ಬರು ಶಾಟ್ ಕೆಟ್ಟಿದ್ದಕ್ಕೆ ಕ್ಯಾಡಿಯ ಕಾಲ ಬಳಿ ಕ್ಲಬ್ ಎಸೆದರು. ಆ ಹುಡುಗ ಮಾತಾಡದೆ ಕ್ಲಬ್ ಎತ್ತಿಕೊಂಡು ಒರೆಸಿ ಬ್ಯಾಗ್‌ಗೆ ಹಾಕಿದ. ನನಗೆ ಹೊಟ್ಟೆ ಉರಿದುಹೋಯಿತು. ಕ್ಷಮೆ ಕೇಳಿ ಅಂದೆ, ಅವರು ಕೇಳಲಿಲ್ಲ. ಅವರ ಜೊತೆ ಮತ್ತೆ ಆಡಿಲ್ಲ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ) ಎಷ್ಟೇ ಇರಲಿ, ಹಾಗೆ ನಡೆದುಕೊಳ್ಳುವವರು ಗಾಲ್ಫ್ ಆಡುವುದು ನನಗೆ ಇಷ್ಟವಿಲ್ಲ.

ಕೊಡಗಿನ_ಮಗಳು:

ಮೇಲಿನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. 2021ರ ಆಗಸ್ಟ್ 7ರಂದು ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದೆವು. ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 4ನೇ ಸ್ಥಾನ ಪಡೆದರು, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಎದುರಿಗಿದ್ದವರ ಡ್ರೈವ್ ಅದಿತಿಯವರ ಡ್ರೈವ್‌ಗಿಂತ ಎಷ್ಟೋ ಮುಂದೆ ಬೀಳುತ್ತಿತ್ತು. ಅವರನ್ನು ಅಲ್ಲಿವರೆಗೆ ತಂದದ್ದು ಪಟ್ಟರ್. ಬ್ಯಾಗ್ ಹಿಡಿದಿದ್ದವರು ಅವರ ತಾಯಿ. ಆಮೇಲೆ ನಾನು ದಿನಾ ಸಂಜೆ ಮನೆಯ ಕಾರ್ಪೆಟ್ ಮೇಲೆ ಅರ್ಧ ಗಂಟೆ ಪಟ್ ಮಾಡಲು ಶುರು ಮಾಡಿದೆ. ಒಂದು ವರ್ಷದಲ್ಲಿ ಮೂರು ಪಟ್ ಆಗುವ ಗ್ರೀನ್‌ಗಳು ಅರ್ಧಕ್ಕಿಳಿದವು.

ಹೊಸಬ_ಮೈಸೂರು:

ಎಲ್ಲರಿಗೂ ಧನ್ಯವಾದ. ಗ್ರಿಪ್ ಮುಟ್ಟಿ ನೋಡಿದೆ, ನಿಜಕ್ಕೂ ಕಲ್ಲಿನ ಹಾಗಿದೆ. ಒಂದು ಅನುಮಾನ. ಹೋದ ತಿಂಗಳು ಕ್ಯಾಡಿ ತಗೊಂಡಿದ್ದೆ. ಒಂದೊಂದು ಹೊಡೆತಕ್ಕೂ ತಲೆ ಎತ್ತಬೇಡಿ, ಮೊಣಕೈ ನೋಡಿಕೊಳ್ಳಿ ಅಂತ ಹೇಳುತ್ತಿದ್ದರು. ಪೂರ್ತಿ ಗೊಂದಲವಾಯಿತು. ಹೇಗೆ ಹೇಳುವುದು, ಬೇಜಾರಾಗುವುದಿಲ್ಲವೇ?

ಹದಿನೆಂಟರ_ಹ್ಯಾಂಡಿಕ್ಯಾಪ್:

ಖಂಡಿತ ಇಲ್ಲ ಸರ್. ಮೊದಲ ಟೀ ಮೇಲೆ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. "ಅಣ್ಣ, ಸ್ವಿಂಗ್ ಬಗ್ಗೆ ಇವತ್ತು ಬೇಡ. ಎಷ್ಟು ದೂರ ಇದೆ, ಗ್ರೀನ್ ಮೇಲೆ ಲೈನ್ ಏನು, ಅಷ್ಟು ಹೇಳಿ" ಅನ್ನಿ. ನಾನು ಹೀಗೆ ಹೇಳಿದಾಗ ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಕ್ಲಬ್ ಯಾವುದು ಅಂತ ಮೊದಲು ನೀವೇ ಯೋಚಿಸಿ, ಆಮೇಲೆ ಅವರನ್ನು ಕೇಳಿ. ಎರಡೂ ಒಂದೇ ಆದ ದಿನ ತುಂಬಾ ಖುಷಿಯಾಗುತ್ತದೆ.

ಚೆಂಡು ಕಳೆದರೆ ಹುಡುಕಲು 3 ನಿಮಿಷ, 2019ರಿಂದ ಅದೇ ನಿಯಮ. ಗಡಿಯಾರ ನೋಡಿಕೊಂಡು ಮುಂದೆ ಹೋಗಿ, ಹಿಂದಿನವರನ್ನು ಕಾಯಿಸಬೇಡಿ. ಗ್ರೀನ್ ಮೇಲೆ ನಿಮ್ಮ ಚೆಂಡು ಬಿದ್ದು ಆದ ಗುಂಡಿಯನ್ನು ಕ್ಯಾಡಿಗೆ ಬಿಡದೆ ನೀವೇ ಸರಿ ಮಾಡಿ. ಫೋರ್ಕ್‌ನಲ್ಲಿ ಮಣ್ಣನ್ನು ಕೆಳಗಿಂದ ಮೇಲೆತ್ತಬಾರದು, ಬೇರು ಹರಿದು ಹುಲ್ಲು ಸಾಯುತ್ತದೆ. ಸುತ್ತಲಿಂದ ಮಧ್ಯಕ್ಕೆ ತಳ್ಳಿ, ಪಟ್ಟರ್‌ನಿಂದ ಮೆಲ್ಲಗೆ ತಟ್ಟಿ. ಶನಿವಾರ ಬೆಳಿಗ್ಗೆ ನಾನು ಅಲ್ಲೇ ಇರುತ್ತೇನೆ. ಬನ್ನಿ, ಆ ಕ್ಯಾಡಿ ಅಣ್ಣ ಈಗಲೂ ಬರುತ್ತಾರೆ, ಪರಿಚಯ ಮಾಡಿಸುತ್ತೇನೆ.