300–1000ರ ನಡುವೆ 12 ಅಥವಾ 18ರ ಅಪವರ್ತ್ಯಗಳು: 94 ಬರುತ್ತಿದೆ, ಕೀ ಉತ್ತರ 79

ಲೆಕ್ಕದಹಾಳೆ
300ರಿಂದ 1000ದವರೆಗೆ (ಎರಡೂ ಸೇರಿ) 12ರಿಂದ ಅಥವಾ 18ರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳೆಷ್ಟು? ಭಾಗಲಬ್ಧದ ಪೂರ್ಣಾಂಕ ಮಾತ್ರ ಹಿಡಿದು ಮಾಡಿದ್ದು:

12ಕ್ಕೆ 83 − 25 = 58
18ಕ್ಕೆ 55 − 16 = 39
ಎರಡಕ್ಕೂ ಸಾಮಾನ್ಯ (216) 4 − 1 = 3
58 + 39 − 3 = 94

ಕೀಯೇ ತಪ್ಪಾ?

ಶೇಷಸೊನ್ನೆ
ಕೀ ಸರಿಯಾಗಿದೆ. ಇಲ್ಲಿ ಎರಡು ಕಡೆ ಎಡವಟ್ಟಾಗಿದೆ.

ದೊಡ್ಡದು 216. ಎರಡರಿಂದಲೂ ಭಾಗವಾಗುವ ಸಂಖ್ಯೆ ಬೇಕೆಂದರೆ ಗುಣಲಬ್ಧ ಅಲ್ಲ, ಲ.ಸಾ.ಅ. ತೆಗೆದುಕೊಳ್ಳಬೇಕು. 12 = 2×2×3, 18 = 2×3×3, ಹಾಗಾಗಿ ಲ.ಸಾ.ಅ. 36. 324, 360, 396 ಎಲ್ಲವೂ ಎರಡಕ್ಕೂ ಸಿಗುತ್ತವೆ, ಆದರೆ ಇವು ಯಾವುವೂ 216ರ ಅಪವರ್ತ್ಯಗಳಲ್ಲ. ಎರಡು ಸಲ ಎಣಿಸಿದ್ದನ್ನು ಒಂದು ಸಲ ತೆಗೆಯಬೇಕಿತ್ತು, ಹೆಚ್ಚಿನವು ಹಾಗೇ ಉಳಿದುಬಿಟ್ಟಿವೆ. ಗುಣಲಬ್ಧ ನಡೆಯುವುದು 4 ಮತ್ತು 9ರಂತೆ ಮ.ಸಾ.ಅ. 1 ಇದ್ದಾಗ ಮಾತ್ರ.

ಇನ್ನೊಂದು, ಕೆಳಗಿನ ಮಿತಿ. 300ನ್ನೂ ಸೇರಿಸಿ ಅಂದಮೇಲೆ ಕಳೆಯಬೇಕಾದ್ದು 299ರವರೆಗಿನದು. 300 ÷ 12 = 25 ಕಳೆದರೆ 300ನ್ನೇ ಹೊರಗೆ ಹಾಕಿದಂತೆ.

12ಕ್ಕೆ 83 − 24 = 59
18ಕ್ಕೆ 55 − 16 = 39
36ಕ್ಕೆ 27 − 8 = 19
59 + 39 − 19 = 79

ತಾಳೆ ನೋಡಲು ಮೊದಲ ಮತ್ತು ಕೊನೆಯ ಅಪವರ್ತ್ಯ ಹಿಡಿಯಿರಿ. 12ಕ್ಕೆ 300 ಮತ್ತು 996: (996 − 300) ÷ 12 + 1 = 59. ಆ +1 ಬಿಟ್ಟರೆ ಮತ್ತೆ ಅದೇ 58ಕ್ಕೆ ಬಂದು ನಿಲ್ಲುತ್ತೀರಿ.

ಲೆಕ್ಕದಹಾಳೆ
ಹಾಗಾದರೆ 18ಕ್ಕೆ 300 ಹಾಕಿದರೂ 39 ಸರಿ ಬಂತಲ್ಲ?

ಶೇಷಸೊನ್ನೆ
300 ಹದಿನೆಂಟರ ಅಪವರ್ತ್ಯ ಅಲ್ಲ, 299 ಹಾಕಿದರೂ 300 ಹಾಕಿದರೂ ಭಾಗಲಬ್ಧ 16. ಈ ತಪ್ಪು ಬಹಳ ದಿನ ಸಿಕ್ಕಿಬೀಳದೆ ಉಳಿಯುವುದು ಇದರಿಂದಲೇ: ಕೆಳಮಿತಿಯೇ ಅಪವರ್ತ್ಯವಾಗಿದ್ದಾಗ ಮಾತ್ರ ಒಂದು ಕಡಿಮೆ ಬರುತ್ತದೆ.

ಪ್ರಶ್ನೆಯ ಪದವನ್ನೂ ನೋಡಿಕೊಳ್ಳಿ. ‘ಎರಡರಲ್ಲಿ ಒಂದರಿಂದ ಮಾತ್ರ’ ಎಂದಿದ್ದರೆ 19ನ್ನು ಎರಡು ಸಲ ಕಳೆಯಬೇಕು: 59 + 39 − 38 = 60. ‘ಯಾವುದರಿಂದಲೂ ಇಲ್ಲ’ ಎಂದರೆ ಒಟ್ಟು 701ರಲ್ಲಿ 79 ಕಳೆದು 622. ಒಟ್ಟು 700 ಅಲ್ಲ, ಎರಡೂ ತುದಿ ಸೇರಿವೆ.

ಕೋಷ್ಟಕ
ಪೈಥಾನ್‌ನಲ್ಲಿ ಪರೀಕ್ಷಿಸುವವರಿಗೆ: ರೇಂಜ್‌ಗೆ 300, 1000 ಕೊಟ್ಟರೆ ಅದು 999ಕ್ಕೇ ನಿಲ್ಲುತ್ತದೆ. ಇಲ್ಲಿ 79 ಬಂದೇ ಬರುತ್ತದೆ, ಏಕೆಂದರೆ 1000 ಎರಡರಿಂದಲೂ ಭಾಗವಾಗುವುದಿಲ್ಲ. ಮೇಲ್ಮಿತಿ 1008 ಮಾಡಿ ನೋಡಿ. ಅದು 36×28, ಒಂದು ಕಡಿಮೆ ಬಿದ್ದರೆ ಕೊನೆಗೆ 1009 ಕೊಡಬೇಕಿತ್ತು ಎಂದರ್ಥ.

ಎಕ್ಸೆಲ್‌ನಲ್ಲಿ ಋಣ ಸಂಖ್ಯೆಗಳೂ ಇದ್ದರೆ ಟ್ರಂಕ್ ಬೇಡ, ಇಂಟ್ ಬಳಸಿ. −50ರಿಂದ 50ರವರೆಗೆ 7ರ ಅಪವರ್ತ್ಯಗಳು 15: ಇಂಟ್ −51/7ನ್ನು −8ಕ್ಕೆ ಇಳಿಸುತ್ತದೆ, 7 − (−8) = 15. ಟ್ರಂಕ್ ದಶಮಾಂಶ ಕತ್ತರಿಸಿ −7 ಕೊಡುತ್ತದೆ, ಆಗ 14 ಬರುತ್ತದೆ.