ಉದ್ಯೋಗಿಗಳ ಆರೋಗ್ಯ: ತೂಕ ಇಳಿಸುವ ಸ್ಪರ್ಧೆ ನಡೆಸುವುದು ಸರಿಯೇ?

ಪ್ರಶ್ನೆ

ನಾನು ಒಂದು ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ನಮ್ಮ ಉದ್ಯೋಗಿಗಳಲ್ಲಿ ಹೆಚ್ಚಿನವರು ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತಿರುತ್ತಾರೆ. ಉಳಿದವರು ರಾತ್ರಿ ಪಾಳಿಯವರು. ಮೂರು ತಿಂಗಳ ತೂಕ ಇಳಿಸುವ ಸ್ಪರ್ಧೆ ನಡೆಸಿ, ಗೆದ್ದವರಿಗೆ ಬಹುಮಾನ ಕೊಡಬೇಕೆಂಬ ಸಲಹೆ ಆಡಳಿತ ಮಂಡಳಿಯಿಂದ ಬಂದಿದೆ. ನನಗೇಕೋ ಇದು ಸರಿಕಾಣುತ್ತಿಲ್ಲ. ಸೀಮಿತ ಹಣದಲ್ಲಿ ಬೇರೇನು ಮಾಡಬಹುದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇಂತಹ ಸ್ಪರ್ಧೆಗೆ ಹೆಸರು ಕೊಡುವವರು ಸಾಮಾನ್ಯವಾಗಿ ಮೊದಲೇ ವ್ಯಾಯಾಮದ ಅಭ್ಯಾಸವಿರುವವರು. ಯಾರಿಗೆ ನೆರವು ಬೇಕೋ ಅವರು ಎಲ್ಲರೆದುರು ತೂಕದ ಯಂತ್ರ ಹತ್ತಲು ಸಂಕೋಚಪಟ್ಟು ಹಿಂದೆ ಉಳಿಯುತ್ತಾರೆ. ಬಹುಮಾನದ ಆಸೆಗೆ ಊಟ ಬಿಟ್ಟು ತೂಕ ಇಳಿಸಿಕೊಂಡವರಲ್ಲಿ ಅನೇಕರಿಗೆ ಅದು ಮರಳಿ ಬರುತ್ತದೆ.

ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸಾರಿಗೆ ನೌಕರರ ಕುರಿತು ನಡೆಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ದಿನವಿಡೀ ಕುಳಿತು ಎರಡಂತಸ್ತಿನ ಬಸ್ಸು ಓಡಿಸುತ್ತಿದ್ದ ಚಾಲಕರಿಗಿಂತ, ಅದೇ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಡಿಮೆಯಿತ್ತು. ಈ ಎರಡು ಗುಂಪಿನವರ ನಡುವೆ ಬೇರೆ ವ್ಯತ್ಯಾಸಗಳೂ ಇದ್ದವೆಂಬುದು ನಿಜ. ಆದರೂ ನಿರ್ವಾಹಕರಿಗೆ ಯಾರೂ ವ್ಯಾಯಾಮದ ಪಾಠ ಹೇಳಿರಲಿಲ್ಲ, ಅವರ ಕೆಲಸವೇ ಅವರನ್ನು ನಡೆದಾಡಿಸುತ್ತಿತ್ತು ಎಂಬುದು ನಮಗೆ ಮುಖ್ಯ.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಆಗಿರಬೇಕೆಂಬ ಹಳೆಯ ನಿಬಂಧನೆಯನ್ನು ಅದು ಕೈಬಿಟ್ಟಿದೆ. ಹಾಗಾಗಿ ಮೆಟ್ಟಿಲು ಹತ್ತಿದ ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲಿನ ದಾರಿಯಲ್ಲಿ ಬೆಳಕು ಹಾಕಿಸಿ, ಲಿಫ್ಟಿನ ಬಳಿ ಅದರ ಫಲಕ ತೂಗುಹಾಕಿ, ಒಂದು ಗಂಟೆಯ ಸಭೆಯನ್ನು 50 ನಿಮಿಷಕ್ಕೆ ಮುಗಿಸಿ. ವಿರಾಮದಲ್ಲಿ ಮೇಲಧಿಕಾರಿಯೇ ಕುರ್ಚಿ ಬಿಟ್ಟು ಏಳದಿದ್ದರೆ ಉಳಿದವರು ಏಳಲಾರರು ಎಂಬುದನ್ನು ಮಾತ್ರ ಮರೆಯಬೇಡಿ.

ಉತ್ತರ 2

ಊಟದ ವಿಷಯದಲ್ಲೂ ಉಪದೇಶಕ್ಕಿಂತ ವ್ಯವಸ್ಥೆ ಮೇಲು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ 2010ರಲ್ಲಿ ತಿನಿಸುಗಳಿಗೆ ಕೆಂಪು, ಹಳದಿ, ಹಸಿರು ಗುರುತು ಹಾಕಿ, ಅನಂತರ ಒಳ್ಳೆಯ ಆಯ್ಕೆಗಳನ್ನು ಕಣ್ಣಿಗೆ ಬೀಳುವಂತೆ, ಕೈಗೆಟಕುವಂತೆ ಜೋಡಿಸಿದಾಗ ಕೆಂಪು ಗುರುತಿನವುಗಳ ಮಾರಾಟ ಇಳಿಯಿತು. ಸಭೆಗಳಲ್ಲಿ ಸಿಹಿ ಪಾನೀಯದ ಬದಲು ನೀರು, ಬಿಸ್ಕತ್ತಿನ ಬದಲು ಹಣ್ಣು ಇಡುವುದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ.

ರಾತ್ರಿ ಪಾಳಿಯವರನ್ನು ಇಂತಹ ಯೋಜನೆಗಳು ಬಹುಮಟ್ಟಿಗೆ ಮರೆತೇಬಿಡುತ್ತವೆ. ಕ್ಯಾಂಟೀನ್ ಮುಚ್ಚಿದ ಮೇಲೆ ಅವರಿಗೆ ಉಳಿಯುವುದು ಚಿಪ್ಸ್ ಮಾರುವ ಯಂತ್ರವೊಂದೇ. ಮನೆಯಿಂದ ತಂದ ಊಟವನ್ನು ಇಡಲು ಫ್ರಿಜ್, ಬಿಸಿ ಮಾಡಲು ಮೈಕ್ರೋವೇವ್, ಅದನ್ನು ನೆಮ್ಮದಿಯಾಗಿ ಉಣ್ಣಲು ನಿಗದಿತ ಬಿಡುವು, ಇವಿಷ್ಟನ್ನು ಮೊದಲು ಒದಗಿಸಿ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ವೈದ್ಯಕೀಯ ವೆಚ್ಚ ಉಳಿಯುತ್ತದೆಂದು ಆಡಳಿತ ಮಂಡಳಿಗೆ ಭರವಸೆ ಕೊಡಬೇಡಿ. ಅಮೆರಿಕದ ದೊಡ್ಡ ಚಿಲ್ಲರೆ ವ್ಯಾಪಾರ ಕಂಪನಿಯೊಂದರ 160 ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯ ಕಾರ್ಯಕ್ರಮವಿದ್ದ ಕಡೆ ನಿಯಮಿತವಾಗಿ ವ್ಯಾಯಾಮ ಮಾಡುತ್ತೇವೆಂದು ಹೇಳಿದವರ ಪ್ರಮಾಣ ಹೆಚ್ಚಿತ್ತು. ಆದರೆ 18 ತಿಂಗಳ ನಂತರವೂ ರಕ್ತದೊತ್ತಡ, ಕೊಲೆಸ್ಟರಾಲ್, ಗೈರುಹಾಜರಿ, ವೈದ್ಯಕೀಯ ವೆಚ್ಚ ಯಾವುದರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಉದ್ಯೋಗಿಗಳ ತೂಕ, ಸಕ್ಕರೆ ಪ್ರಮಾಣದಂತಹ ವಿವರಗಳು ನಿಮ್ಮ ವಿಭಾಗದ ಕೈಗೆ ಬರದಿರುವುದೇ ಕ್ಷೇಮ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸ್ಪರ್ಧೆ ಬೇಡವೆಂದು ಟಿಪ್ಪಣಿ ಬರೆಯುತ್ತೇನೆ. ಆದರೆ ತೂಕವನ್ನು ಅಳೆಯದಿದ್ದರೆ, ಫಲಿತಾಂಶವೆಂದು ಏನನ್ನು ತೋರಿಸಲಿ?

ಉತ್ತರ 1

ವ್ಯಕ್ತಿಗಳ ಬದಲು ವ್ಯವಸ್ಥೆಯನ್ನು ಅಳೆಯಿರಿ: ಮೆಟ್ಟಿಲು ಬಳಸುವವರ ಸಂಖ್ಯೆ, ಕ್ಯಾಂಟೀನಿನಲ್ಲಿ ಹಣ್ಣು ತರಕಾರಿಗಳ ಮಾರಾಟ, ಊಟದ ಬಿಡುವನ್ನು ಪೂರ್ತಿಯಾಗಿ ಪಡೆದವರ ಪ್ರಮಾಣ. ಕೊನೆಯದನ್ನು ಹೆಸರು ಕೇಳದೆ, ಎರಡೂ ಪಾಳಿಯವರಿಂದ ಪ್ರತ್ಯೇಕವಾಗಿ ಸಂಗ್ರಹಿಸಿ.